ಕಂಪೈಲರಿನ ಆಯ್ಕೆ

ಗಣಕಯಂತ್ರವನ್ನು ದಿನವೂ ಬಳಸತಕ್ಕವರಲ್ಲಿ ಹೆಚ್ಚಿನವರು ಕಂಪೈಲರೆಂಬುದರ ಹೆಸರನ್ನೇ ಕೇಳದೆ ಆಯುಷ್ಯವನ್ನು ಕಳೆಯುವರು. ಇದರಲ್ಲಿ ಅವರ ದೋಷವೇನೂ ಇಲ್ಲ. ಮನುಷ್ಯನು ತನಗೆ ತಿಳಿಯುವಂತೆ ಬರೆದ ಆಜ್ಞೆಗಳನ್ನು ಯಂತ್ರಕ್ಕೆ ತಿಳಿಯುವ ಸಂಜ್ಞೆಗಳಾಗಿ ತಿರುಗಿಸಿಕೊಡುವ ದುಭಾಷಿಯೇ ಕಂಪೈಲರು. ದುಭಾಷಿಯು ತಪ್ಪಿದರೆ, ಅರಸನ ಅಪ್ಪಣೆಯು ಎಷ್ಟು ನಿರ್ದುಷ್ಟವಾಗಿದ್ದರೂ, ಊಳಿಗದವನು ಮಾಡುವುದು ಬೇರೊಂದನ್ನೇ ಅಲ್ಲವೆ?

ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸನು 1991ರಲ್ಲಿ ಹೊರತಂದ ಲಿನಕ್ಸ್ ಕರ್ನೆಲು, ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಪ್ರಕಟಿಸಿದ ಜಿಸಿಸಿ ಎಂಬ ಕಂಪೈಲರನ್ನು ನಂಬಿ ಬೆಳೆದುದು. ಕರ್ನೆಲೆಂದರೆ ಯಂತ್ರದ ಸ್ಮೃತಿ, ಕಡತ, ಉಪಕರಣಗಳೆಲ್ಲವನ್ನೂ ಆಳುವ ತಿರುಳು. ಅದರ ಆಶ್ರಯದಲ್ಲಿ ನಡೆಯುವ ಸಾವಿರಾರು ಪ್ಯಾಕೇಜುಗಳನ್ನೂ ಕಂಪೈಲರೇ ಕಟ್ಟಿಕೊಡಬೇಕು. ಜಿಸಿಸಿಯು ಒಂದೇ ಆದರೂ ಅದರ ಆವೃತ್ತಿಗಳು ಹಲವು, ಗುಣಗಳೂ ಹಲವು. ಕರ್ನೆಲಿನದು ಮಡಿವಂತ ವೃದ್ಧರ ಸ್ವಭಾವ. ಪಳಗಿದ ಕೈಯ ಅಡಿಗೆಯೇ ಬೇಕು. ಪ್ಯಾಕೇಜುಗಳಿಗೆ, ಅದರಲ್ಲಿಯೂ ಸಿ ಪ್ಲಸ್ ಪ್ಲಸ್ ಭಾಷೆಯವಕ್ಕೆ, ಹೊಸ ಆವೃತ್ತಿಯ ಸೌಕರ್ಯಗಳ ಮೇಲೆ ಆಸೆ.

ಈ ಎಳೆದಾಟವು 2000ದಲ್ಲಿ ಬಯಲಿಗೆ ಬಂದಿತು. ಲಿನಕ್ಸನ್ನು ಸಿದ್ಧರೂಪದಲ್ಲಿ ಹಂಚುತ್ತಿದ್ದ ರೆಡ್ ಹ್ಯಾಟ್ ಸಂಸ್ಥೆಯು ತನ್ನ 7.0 ವಿತರಣೆಯೊಡನೆ 2.96 ಎಂಬ ಅಂಕೆಯ ಜಿಸಿಸಿಯನ್ನು ಕೊಟ್ಟಿತು. ಅಂತಹ ಆವೃತ್ತಿಯನ್ನು ತಾನು ಹೊರತಂದೇ ಇಲ್ಲವೆಂದು ಜಿಸಿಸಿಯ ನಿರ್ವಾಹಕ ಮಂಡಲಿಯು ಅದೇ ವರ್ಷ ಸಾರಬೇಕಾಯಿತು. ಪಕ್ವವಾಗುವ ಮುನ್ನ ಹೊಲದಿಂದ ಕೊಯ್ದ ತೆನೆ ಅದು. ಅದು ಕಟ್ಟಿದ ಸಿ ಪ್ಲಸ್ ಪ್ಲಸ್ ಕೃತಿಗಳು ಹಿಂದಿನ 2.95ರವುಗಳೊಡನೆ ಹೊಂದವು, ಬರಲಿದ್ದ 3.0ರವುಗಳೊಡನೆಯೂ ಹೊಂದವು. ಕರ್ನೆಲನ್ನಂತೂ ಅದರ ಕೈಗೆ ಒಪ್ಪಿಸದೆ, ಸಂಸ್ಥೆಯು ಕೆಜಿಸಿಸಿ ಎಂಬ ಹೆಸರಿನಲ್ಲಿ ಹಳೆಯ ಕಂಪೈಲರೊಂದನ್ನು ಪಕ್ಕದಲ್ಲಿಯೇ ಇರಿಸಿತು. ಅತ್ತೆಗೊಂದು ಒಲೆ, ಸೊಸೆಗೊಂದು ಒಲೆ! ನಗುವುದು ಸುಲಭ, ಆದರೆ ಆ ಏರ್ಪಾಡಿನಲ್ಲಿ ವಿವೇಕವೂ ಇದ್ದಿತು. ಹಲವು ತಿದ್ದುಪಡಿಗಳಾದ ಬಳಿಕ, 2.4 ಕರ್ನೆಲಿನ ಸೂಚನಾಪತ್ರವು 2.96ರ 74ನೆಯ ಪರಿಷ್ಕರಣವೂ ಅದರಿಂದ ಮುಂದಿನವೂ ಆದಾವೆಂದು ಒಪ್ಪಿಗೆಯಿತ್ತಿತು.

ಹಳೆಯದೇ ಕ್ಷೇಮವೆಂದು ಇದರಿಂದ ತೀರ್ಮಾನಿಸುವವರುಂಟು. ಆ ತೀರ್ಮಾನವು 2021ರ ಜನವರಿಯಲ್ಲಿ ಕುಸಿಯಿತು. 64 ಬಿಟ್ಟಿನ ಆರ್ಮ್ ಯಂತ್ರಗಳಲ್ಲಿ ಕಡತವ್ಯವಸ್ಥೆಯ ತಾಳೆಯಂಕೆಗಳು ಎಂದೋ ಒಮ್ಮೆ, ಕಾರಣವಿಲ್ಲದಂತೆ, ತಪ್ಪಿ ಬರುತ್ತಿದ್ದುವು. ಬಹಳ ಶೋಧನೆಯ ಮೇಲೆ ಅಪರಾಧಿಯು ಸಿಕ್ಕಿತು: ಜಿಸಿಸಿ 4.9. ಅದು ಹುಟ್ಟಿಸಿದ ಸಂಜ್ಞೆಗಳು ಸ್ಟ್ಯಾಕ್ ಎಂಬ ತಾತ್ಕಾಲಿಕ ಸ್ಮೃತಿಯ ಜಾಗವನ್ನು ಮೊದಲು ಬಿಟ್ಟುಕೊಟ್ಟು, ಆಮೇಲೆ ಅಲ್ಲಿದ್ದುದನ್ನು ಓದುತ್ತಿದ್ದುವು. ಬಾಡಿಗೆಯ ಮನೆಯನ್ನು ತೆರವು ಮಾಡಿ, ಮರೆತ ಪೆಟ್ಟಿಗೆಗಾಗಿ ಹಿಂದಿರುಗಿದಂತೆ. ನಡುವಣ ಕ್ಷಣದಲ್ಲಿ ಯಂತ್ರಕ್ಕೆ ಬೇರೆ ಕೆಲಸದ ಕರೆ ಬಂದರೆ, ಆ ಜಾಗದಲ್ಲಿ ಹೊಸ ಬಾಡಿಗೆದಾರನು ಕುಳಿತಿರುವನು! ಕ್ಷಣವು ಅತ್ಯಲ್ಪವಾದುದರಿಂದಲೇ ದೋಷವು ಅಷ್ಟು ಕಾಲ ಅಡಗಿದ್ದಿತು. ವಿಷಾದದ ಸಂಗತಿಯೆಂದರೆ, 2015ರಲ್ಲಿ ಬಂದ 5.1ರಲ್ಲಿಯೇ ಇದನ್ನು ತಿದ್ದಿಯಾಗಿದ್ದಿತು. ಅಂದಿನಿಂದ ಆ ಯಂತ್ರಗಳಿಗಾಗಿ 5.1ಕ್ಕಿಂತ ಹಳೆಯ ಜಿಸಿಸಿಯನ್ನು ಕರ್ನೆಲು ನಿರಾಕರಿಸಿತು.

ಹೊಸತೇನು ಸಾಧುವೆ? 2024ರ ಜಿಸಿಸಿ 14, ಮೊದಲು ಘೋಷಿಸದೆ ಕರೆದ ಕಾರ್ಯಗಳನ್ನು ಎಚ್ಚರಿಕೆಯಿಂದ ಬಿಡದೆ ದೋಷವೆಂದೇ ಎಣಿಸಿದುದರಿಂದ ಎಷ್ಟೋ ಹಳೆಯ ಪ್ಯಾಕೇಜುಗಳ ಕಟ್ಟಡವು ಅರ್ಧದಲ್ಲಿ ನಿಂತಿತು. ಆದರೂ ಎದುರಿಗೆ ನಿಂತು ಬೈಯುವ ಈ ಹೊಸಬನು, ಮೌನವಾಗಿ ಕಡತಗಳನ್ನು ಕೆಡಿಸಿದ ಆ ಹಳಬನಿಗಿಂತ ಲೇಸು. ಬೈಗುಳಕ್ಕೆ ಉತ್ತರ ಕೊಡಬಹುದು. ಕೆಟ್ಟ ಕಡತಕ್ಕೆ ಏನು ಕೊಡುವುದು? ಲಿನಕ್ಸ್ ಕರ್ನೆಲು ಎಚ್ಚರಗೊಳ್ಳುವಾಗ ಬರೆಯುವ ಮೊದಲ ಸಾಲುಗಳಲ್ಲಿಯೇ ತನ್ನನ್ನು ಕಟ್ಟಿದ ಕಂಪೈಲರಿನ ಹೆಸರನ್ನೂ ಅಂಕೆಯನ್ನೂ ಹೇಳಿಬಿಡುವುದು. ಓದುವವರು ಮಾತ್ರ ವಿರಳ.