ಹಳೆಯ ಕಡತ, ಹೊಸ ಕರ್ನಲು

ಹಿಂದಿನ ಶಾನುಭೋಗರ ಮನೆಗಳಲ್ಲಿ ಕಡತವೆಂಬ ಲೆಕ್ಕದ ಪುಸ್ತಕವಿರುತ್ತಿದ್ದಿತೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ ಆಗಿದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಹೊಸ ವರ್ಷದ ಲೆಕ್ಕವು ಹಿಂದಿನ ವರ್ಷದ ಶಿಲ್ಕಿನಿಂದಲೇ ಮೊದಲಾಗತಕ್ಕದ್ದು. ಆ ಶಿಲ್ಕನ್ನು ಹೊಸ ಪುಟಕ್ಕೆ ಏರಿಸುವಾಗ ಒಂದು ಬಾಬು ಬಿಟ್ಟುಹೋದರೆ, ಕೂಡಿಸುವ ಕೈ ಎಷ್ಟು ಜಾಣತನದ್ದಾದರೂ ಮೊತ್ತವು ತಪ್ಪುವುದೇ ಸರಿ.

ಈ ಮಾತನ್ನು ನನ್ನ ನೆನಪಿಗೆ ತಂದುದು ಗಣಕಯಂತ್ರದ ಒಂದು ಕೆಲಸ. ೧೯೯೧ರಲ್ಲಿ ಹೆಲ್ಸಿಂಕಿ ನಗರದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್ ಎಂಬ ವ್ಯವಸ್ಥೆಯ ತಿರುಳಿಗೆ ಕರ್ನಲೆಂದು ಹೆಸರು. ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹರಿಸುವುದು ಇದೇ. ಇದನ್ನು ಮೂಲದಿಂದ ಕಟ್ಟಿಕೊಳ್ಳಬೇಕೆನ್ನುವವನು ಮೊದಲು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅವುಗಳ ಸಂಖ್ಯೆ ಈಗ ಹತ್ತು ಸಾವಿರವನ್ನು ಮೀರಿದೆ. ಈ ಧ್ವನಿಯಂತ್ರವು ಬೇಕೇ? ಆ ಬಗೆಯ ಕಡತವ್ಯವಸ್ಥೆಯನ್ನು ಓದಬೇಕೇ? ಉತ್ತರಗಳು ಬಹುಮಟ್ಟಿಗೆ ಮೂರು: ತಿರುಳಿನೊಳಗೇ ಸೇರಲಿ ಎಂಬುದಕ್ಕೆ ‘ವೈ’, ಬೇಕಾದಾಗ ಜೋಡಿಸುವಂತೆ ಪ್ರತ್ಯೇಕವಾಗಿರಲಿ ಎಂಬುದಕ್ಕೆ ‘ಎಂ’, ಬೇಡವೆಂಬುದಕ್ಕೆ ‘ಎನ್’. ಉತ್ತರಗಳೆಲ್ಲವೂ ಒಂದು ಬರಹವಾಗಿ ಉಳಿಯುವುವು. ಅದಕ್ಕೆ ಕಾನ್ಫಿಗ್ ಎಂದು ಹೆಸರು. ಬೇಡವೆಂದು ಹೇಳಿದುದು ಕೂಡ ಅಲ್ಲಿ ಬರೆದಿಟ್ಟಿರುತ್ತದೆ. ನೋಟಕ್ಕೆ ಅದು ಟಿಪ್ಪಣಿಯ ಸಾಲಿನಂತೆ ಕಂಡರೂ ಯಂತ್ರವು ಅದನ್ನು ಓದಿ ಮನ್ನಿಸುತ್ತದೆ. ಉತ್ತರ ಕೊಡದಿರುವುದಕ್ಕೂ ಬೇಡವೆನ್ನುವುದಕ್ಕೂ ಅಂತರವುಂಟೆಂಬ ವಿವೇಕ ಆ ಬರಹಕ್ಕಿದೆ.

ನನ್ನ ಹಿರಿಯ ಮಿತ್ರರೊಬ್ಬರು ಗಣಿತದ ಉಪಾಧ್ಯಾಯರಾಗಿದ್ದವರು. ತಮ್ಮ ಗಣಕಯಂತ್ರಕ್ಕೆ ಬೇಕಾದ ಕರ್ನಲನ್ನು ೨೦೧೬ರಲ್ಲಿ ಅವರೇ ಕಟ್ಟಿದ್ದರು, ಅದು ೪.೪ನೆಯದು. ೨೦೨೧ರಲ್ಲಿ ಅವರು ತೀರಿಕೊಂಡರು. ಆ ಯಂತ್ರಕ್ಕೆ ಜೋಡಿಸಿದ ಹಳೆಯ ತಟ್ಟೆಯೊಂದರಲ್ಲಿ, ಅವರು ೨೦೦೪ರಲ್ಲಿ ತಮ್ಮ ತಾಯಿಯವರನ್ನು ಕೂರಿಸಿಕೊಂಡು ಧ್ವನಿಮುದ್ರಿಸಿದ ಬೀಸುವ ಪದಗಳೂ ಹಸೆಯ ಹಾಡುಗಳೂ ಇದ್ದುವು. ಬೇರೆ ಪ್ರತಿ ಇರಲಿಲ್ಲ. ೪.೪ನೆಯ ಕರ್ನಲಿನ ಪಾಲನೆಯು ೨೦೨೨ರ ಫೆಬ್ರವರಿಯಲ್ಲಿ ನಿಂತಿತು. ಎಂದರೆ ಅದರಲ್ಲಿ ದೋಷಗಳು ಕಂಡುಬಂದರೂ ತಿದ್ದಿಕೊಡುವವರಿಲ್ಲ. ಜಾಲಕ್ಕೆ ಸೇರಿದ ಯಂತ್ರವನ್ನು ಹಾಗೆಯೇ ಬಿಡುವುದು ಕ್ಷೇಮವಲ್ಲವೆಂದು, ೨೦೨೫ರ ಬೇಸಗೆಯಲ್ಲಿ ಅವರ ಮಗಳು ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಆರಿಸಿಕೊಂಡುದು ಆಗ ಹೊಸತಾಗಿದ್ದ ೬.೧೪ನೆಯ ಕರ್ನಲನ್ನು.

ಸಾವಿರಾರು ಪ್ರಶ್ನೆಗಳಿಗೆ ಮೊದಲಿನಿಂದ ಉತ್ತರ ಹೇಳುವ ತಾಳ್ಮೆ ಯಾರಿಗಿದೆ? ಮೇಲಾಗಿ ಆ ಯಂತ್ರದ ಒಳಗುಟ್ಟನ್ನು ಬಲ್ಲವರು ಅವರೇ ಹೊರತು ನಾನಲ್ಲ. ಆದಕಾರಣ ಅವರ ಹಳೆಯ ಕಾನ್ಫಿಗನ್ನೇ ಹೊಸ ಮೂಲದ ಪಕ್ಕದಲ್ಲಿ ತಂದಿರಿಸಿದೆನು. ಇಂತಹ ಸಂದರ್ಭಕ್ಕಾಗಿಯೇ ‘ಮೇಕ್ ಓಲ್ಡ್‌ಕಾನ್ಫಿಗ್’ ಎಂಬ ಆಜ್ಞೆಯುಂಟು. ಹಿಂದೆ ಉತ್ತರ ದೊರೆತ ಪ್ರಶ್ನೆಗಳನ್ನು ಅದು ಮತ್ತೆ ಕೇಳುವುದಿಲ್ಲ. ಹೊಸದಾಗಿ ಹುಟ್ಟಿದವನ್ನು ಮಾತ್ರ, ಹೊಸತೆಂದು ಗುರುತು ಹಾಕಿ, ಒಂದೊಂದಾಗಿ ಮುಂದಿಡುತ್ತದೆ. ಆ ತೊಂದರೆಯೂ ಬೇಡವೆನ್ನುವವರಿಗೆ ‘ಓಲ್ಡ್‌ಡೆಫ್‌ಕಾನ್ಫಿಗ್’ ಇದೆ. ಅದು ಹೊಸ ಪ್ರಶ್ನೆಗಳಿಗೆಲ್ಲ ಕರ್ನಲಿನ ಕರ್ತೃಗಳು ಸೂಚಿಸಿದ ಉತ್ತರವನ್ನೇ ತುಂಬಿ, ಯಾರನ್ನೂ ಏನನ್ನೂ ಕೇಳದೆ ಕೆಲಸ ಮುಗಿಸುತ್ತದೆ.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಹೊಸದಾಗಿ ಬಂದುದನ್ನು ಕರ್ನಲು ಕೇಳುತ್ತದೆ. ಹಳೆಯದರಲ್ಲಿ ಹೋದುದನ್ನು ತಾನಾಗಿ ಹೇಳುವುದಿಲ್ಲ. ಹಳೆಯ ಬರಹದಲ್ಲಿದ್ದ ಒಂದು ಹೆಸರು ಹೊಸ ಕರ್ನಲಿಗೆ ಅಪರಿಚಿತವಾದರೆ ಆ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕೆಲವೆಡೆ ಕರ್ತೃಗಳೇ ದಯೆ ತೋರಿದ್ದುಂಟು. ೨೦೧೫ರಲ್ಲಿ, ೪.೩ನೆಯ ಕರ್ನಲಿನಿಂದ ಎಕ್ಸ್‌ಟ್೩ ಎಂಬ ಕಡತವ್ಯವಸ್ಥೆಯ ಪ್ರತ್ಯೇಕ ಚಾಲಕವನ್ನು ತೆಗೆದು, ಅದರ ಹೊಣೆಯನ್ನು ಎಕ್ಸ್‌ಟ್೪ಕ್ಕೆ ವಹಿಸಿದಾಗ, ಹಳೆಯ ಉತ್ತರ ವ್ಯರ್ಥವಾಗದಿರಲೆಂದು ಹಳೆಯ ಹೆಸರನ್ನು ಬಹುಕಾಲ ಉಳಿಸಿಕೊಂಡರು. ೨೦೨೧ರಲ್ಲಿ ೫.೧೪ನೆಯದರಿಂದ ಹಳೆಯ ಐಡಿಇ ಚಾಲಕಗಳು ಹೋದುವು. ಅವುಗಳ ಕೆಲಸವನ್ನು ಬೇರೊಂದು ಹೆಸರಿನ ವಾರಸುದಾರನು ಅದಕ್ಕೆ ಮೊದಲೇ ವಹಿಸಿಕೊಂಡಿದ್ದನು. ಆದರೆ ವಾರಸುದಾರರೇ ಇಲ್ಲದೆ ಹೋದುವೂ ಉಂಟು. ೨೦೦೧ರಲ್ಲಿ ಕರ್ನಲನ್ನು ಸೇರಿದ ರೈಸರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯು ಒಂದು ಕಾಲಕ್ಕೆ ಮನ್ನಣೆ ಪಡೆದಿದ್ದುದು. ೨೦೨೨ರಲ್ಲಿ ಅದನ್ನು ತೊರೆಯಬೇಕೆಂಬ ಸೂಚನೆ ಹೊರಟಿತು. ೨೦೨೫ರ ಜನವರಿಯಲ್ಲಿ ಬಂದ ೬.೧೩ನೆಯ ಕರ್ನಲಿನಲ್ಲಿ ಅದು ಇರಲಿಲ್ಲ.

ಎರಡು ಕಾನ್ಫಿಗ್‌ಗಳನ್ನು ಹೋಲಿಸಿ ವ್ಯತ್ಯಾಸವನ್ನು ತೋರಿಸುವ ‘ಡಿಫ್‌ಕಾನ್ಫಿಗ್’ ಎಂಬ ಸಣ್ಣ ಸಾಧನವು ಕರ್ನಲಿನ ಮೂಲದೊಡನೆಯೇ ದೊರೆಯುತ್ತದೆ. ಕಟ್ಟುವುದಕ್ಕೆ ಮೊದಲು ಅದನ್ನು ನಡೆಸಿ ನೋಡುವುದು ನನ್ನ ಪದ್ಧತಿ. ಬಿದ್ದುಹೋದ ಸಾಲುಗಳ ಉದ್ದನೆಯ ಪಟ್ಟಿಯಲ್ಲಿ ರೈಸರ್‌ಎಫ್‌ಎಸ್ಸಿನದೂ ಒಂದು; ಮಿತ್ರರು ಅದಕ್ಕೆ ‘ವೈ’ ಎಂದು ಉತ್ತರವಿತ್ತಿದ್ದರು. ತಟ್ಟೆಯನ್ನು ಪರೀಕ್ಷಿಸಲಾಗಿ, ಹಾಡುಗಳಿದ್ದ ಭಾಗವು ಅದೇ ವ್ಯವಸ್ಥೆಯದೆಂದು ತಿಳಿಯಿತು. ಹೊಸ ಕರ್ನಲಿನಡಿಯಲ್ಲಿ ಯಂತ್ರವು ಸುಖವಾಗಿ ಏಳುತ್ತಿತ್ತು. ಆ ತಟ್ಟೆಯೊಂದು ಮಾತ್ರ ಮೂಕವಾಗಿರುತ್ತಿತ್ತು. ಅದು ಕೆಟ್ಟಿತೆಂದು ಯಾರಾದರೂ ಅಳಿಸಿ ಬೇರೆ ಕೆಲಸಕ್ಕೆ ಉಪಯೋಗಿಸಿದ್ದರೆ, ಬೀಸುಕಲ್ಲಿನ ಮುಂದೆ ಹಾಡಿದ ಆ ಕಂಠವು ಅಲ್ಲಿಗೇ ಮುಗಿಯುತ್ತಿತ್ತು.

ಹಳೆಯ ಕರ್ನಲು ಯಂತ್ರದಲ್ಲಿಯೇ ಇದ್ದಿತು. ಹೊಸತನ್ನು ಇರಿಸಿದ ಮಾತ್ರಕ್ಕೆ ಹಳೆಯದನ್ನು ಓಡಿಸಬೇಕೆಂಬ ನಿಯಮವಿಲ್ಲ. ಜಾಲದ ತಂತಿಯನ್ನು ಕಿತ್ತು, ಅದರಿಂದಲೇ ಯಂತ್ರವನ್ನೆಬ್ಬಿಸಿ, ತಟ್ಟೆಯನ್ನು ಓದುವುದಕ್ಕೆ ಮಾತ್ರ ತೆರೆದು, ಹಾಡುಗಳನ್ನೆಲ್ಲ ಎಕ್ಸ್‌ಟ್೪ರ ಬೇರೊಂದು ತಟ್ಟೆಗೆ ಇಳಿಸಿಕೊಂಡೆನು. ಅನಂತರವೇ ಹೊಸ ಪ್ರಶ್ನೆಗಳಿಗೆ ಉತ್ತರ ಹೇಳಲು ಕುಳಿತುದು. ಅವು ನೂರಾರಿದ್ದುವು, ಎರಡು ಸಂಜೆಗಳು ಹಿಡಿದುವು.

ಆ ಸಂಜೆಗಳಲ್ಲಿ ಮಿತ್ರರ ಉತ್ತರಗಳನ್ನು ಸಾಲುಸಾಲಾಗಿ ಓದುವ ಅವಕಾಶವೂ ಒದಗಿತು. ಹವ್ಯಾಸಿ ರೇಡಿಯೋ ಬೇಡ. ಬ್ಲೂಟೂತ್ ಬೇಡ: ಇವೆಲ್ಲ ಅರ್ಥವಾಗುವಂಥವು. ಸ್ಮೃತಿ ಸಾಲದಾದಾಗ ತಟ್ಟೆಯ ಆಸರೆ ಪಡೆಯುವ ಸ್ವಾಪ್ ಎಂಬ ಏರ್ಪಾಡನ್ನೂ ಅವರು ಬೇಡವೆಂದಿದ್ದರು. ತಟ್ಟೆ ಸವೆಯುವುದೆಂಬ ಅಂಜಿಕೆಯೋ, ಸಾಲ ಮಾಡದೆ ಬಾಳಬೇಕೆಂಬ ಅವರ ಸ್ವಭಾವವೋ! ಕಾನ್ಫಿಗ್ ಉತ್ತರವನ್ನು ಉಳಿಸುತ್ತದೆ, ಕಾರಣವನ್ನು ಉಳಿಸುವುದಿಲ್ಲ. ಕೈಯಿಂದ ಅದರಲ್ಲಿ ಟಿಪ್ಪಣಿ ಬರೆದಿಟ್ಟರೂ ಮುಂದಿನ ಸಾರಿ ಯಂತ್ರವು ಆ ಬರಹವನ್ನು ಹೊಸದಾಗಿ ಬರೆಯುವಾಗ ಟಿಪ್ಪಣಿಯು ಅಳಿದುಹೋಗುತ್ತದೆ. ಕೇಳೋಣವೆಂದರೆ ಅವರಿಲ್ಲ. ಕೆಡುಕಾಗುವುದೆಂದು ನನಗೆ ಖಚಿತವಾಗಿ ತಿಳಿದೆಡೆಯಲ್ಲಿ ಮಾತ್ರ ಅವರ ಉತ್ತರವನ್ನು ಬದಲಾಯಿಸಿದೆನು. ಉಳಿದುದು ಅವರದೇ ಇರಲೆಂದು ಬಿಟ್ಟೆನು. ಸ್ವಾಪ್ ಇಂದಿಗೂ ಆ ಯಂತ್ರದಲ್ಲಿಲ್ಲ. ಅದರಿಂದ ಯಾವ ತೊಡಕೂ ಆಗಿಲ್ಲ.

ಹಿರಿಯರಿಂದ ಬಂದುದನ್ನು ಇಡಿಯಾಗಿ ಹೊತ್ತು ನಡೆಯುವವರೂ, ಹೊಸ ಕಾಲ ಬಂದಿತೆಂದು ಇಡಿಯಾಗಿ ಕೊಡಹುವವರೂ ನಮ್ಮಲ್ಲಿದ್ದಾರೆ. ಇಬ್ಬರಿಗೂ ಶ್ರಮ ಕಡಮೆ. ಶಿಲ್ಕನ್ನು ಏರಿಸುವವನ ಕೆಲಸ ಇವೆರಡರ ನಡುವಿನದು: ಬಂದುದಕ್ಕೆ ಉತ್ತರ ಹೇಳಬೇಕು, ಹೋದುದು ಯಾವುದೆಂದು ತಾನಾಗಿಯೇ ಹುಡುಕಬೇಕು. ಮಿತ್ರರ ಮಗಳಿಗೆ ಯಂತ್ರವನ್ನೊಪ್ಪಿಸುವಾಗ ಅದರೊಡನೆ ಒಂದು ಕಾಗದದ ಪುಸ್ತಕವನ್ನೂ ಕೊಟ್ಟೆನು. ನಾನು ಬದಲಾಯಿಸಿದ ಉತ್ತರಗಳೂ, ಪ್ರತಿಯೊಂದರ ಎದುರಿಗೆ ಅದರ ಕಾರಣವೂ ಅದರಲ್ಲಿವೆ. ಸ್ವಾಪಿನ ಎದುರಿಗೆ ಜಾಗವನ್ನು ಬಿಟ್ಟಿದ್ದೇನೆ. ತಂದೆಯವರು ಎಂದಾದರೂ ಆ ವಿಷಯವಾಗಿ ಆಡಿದ ಮಾತು ನೆನಪಾದರೆ ಅವರು ತುಂಬಿಕೊಳ್ಳಲಿ.