ಶಿಡ್ಲಘಟ್ಟದ ತಾರಸಿಯಿಂದ

ಶಿಡ್ಲಘಟ್ಟದಲ್ಲಿ ಬಸ್ಸಿಳಿದರೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ರೇಷ್ಮೆಗೂಡು ಬೇಯುವ ಆ ವಾಸನೆಗೆ ಹೊಸಬರು ಕರವಸ್ತ್ರ ಹುಡುಕುತ್ತಾರೆ. ಊರಿನವರಿಗೆ ಅದೇ ಅನ್ನ. ನಾನು ಹೋದದ್ದು ಗೂಡಿನ ಮಾರುಕಟ್ಟೆ ನೋಡಲು. ಬಾಯಲ್ಲಿ ಕೂಗುತ್ತಿದ್ದ ಹರಾಜು ಈಗ ಮೊಬೈಲಿನೊಳಗೆ ಸೇರಿಕೊಂಡಿರುವುದರಿಂದ ಮಾರುಕಟ್ಟೆಯ ಗದ್ದಲ ಅರ್ಧ ಇಳಿದಿದೆ. ಅಲ್ಲೇ ಸಿಕ್ಕ ಕೇಬಲ್ ವ್ಯವಹಾರದ ಗೆಳೆಯರು, ‘ಬನ್ನಿ ಸಾರ್, ಬೇರೆ ಒಂದು ತಮಾಷೆ ತೋರಿಸ್ತೀನಿ’ ಎಂದು ತಮ್ಮ ತಾರಸಿಗೆ ಹತ್ತಿಸಿದರು.

ಪಶ್ಚಿಮಕ್ಕೆ ನಂದಿಬೆಟ್ಟದ ಸಾಲು. ದಕ್ಷಿಣಕ್ಕೆ ಜಂಗಮಕೋಟೆ ಕಡೆ ಹಿಪ್ಪುನೇರಳೆಯ ಹಸಿರು. ಆ ಹಸಿರಿನಾಚೆ, 6 ಕಿಲೋಮೀಟರ್ ದೂರದ ಹಳ್ಳಿಯ ಒಂದು ಮನೆಗೆ ಗಾಳಿಯಲ್ಲೇ ಇಂಟರ್‌ನೆಟ್ ಕಳಿಸಬೇಕಿತ್ತು. ಆ ಮನೆಯ ಮಗಳಿಗೆ ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ನೆಟ್ ನಿಂತರೆ ಮನೆಯಿಂದ ದುಡಿಯಬಹುದು, ಇಲ್ಲವಾದರೆ ಸೋಮವಾರ ಪಿ.ಜಿ.ಗೆ ವಾಪಸು. ಅಪ್ಪನಿಗೆ ಸೊಂಟ ನೋವು. ಹುಳು ನಾಲ್ಕನೇ ಜ್ವರ ಎದ್ದಿದ್ದವು. ಆಮೇಲಿನ ಒಂದು ವಾರ ಅವಕ್ಕೆ ಸೊಪ್ಪು ಹಾಕಿ ಪೂರೈಸುವುದಿಲ್ಲ ಎಂಬುದು ರೇಷ್ಮೆ ಸಾಕಿದವರಿಗೆಲ್ಲ ಗೊತ್ತು.

ತಟ್ಟೆಯಾಕಾರದ ರೇಡಿಯೋ ಎರಡು: ಒಂದು ಇಲ್ಲಿ, ಒಂದು ಅಲ್ಲಿ. 5 ಗಿಗಾಹರ್ಟ್ಸ್ ಪಟ್ಟಿಯ ಒಂದು ತುಂಡಿಗೆ 2007ರಲ್ಲೂ, ಹೆಚ್ಚಿನ ಭಾಗಕ್ಕೆ 2018ರಲ್ಲೂ ಸರ್ಕಾರ ಪರವಾನಗಿಯ ತೊಡಕು ತೆಗೆದಿದೆ. (ಇಂಟರ್‌ನೆಟ್ ಮಾರಲು ಮಾತ್ರ ಪರವಾನಗಿ ಬೇಕೇ ಬೇಕು!) ಲ್ಯಾಪ್‌ಟಾಪ್ ಹಿಡಿದು ಕೂತ ಹುಡುಗ ಇಲ್ಲಿನದನ್ನು ಕೊಡುವ ತುದಿ, ಅಲ್ಲಿನದನ್ನು ಪಡೆಯುವ ತುದಿ ಎಂದು ಮೊದಲೇ ಗೊತ್ತುಮಾಡಿದ್ದ. ಹೆಸರು, ಗುಪ್ತಪದ ಎರಡರಲ್ಲೂ ಒಂದೇ. ಆದರೂ ಒಂದನ್ನೊಂದು ಮಾತಾಡಿಸಲೊಲ್ಲವು. ಅರ್ಧ ಗಂಟೆ ತಡಕಾಡಿದ ಮೇಲೆ ತಿಳಿಯಿತು: ಕಾರ್ಖಾನೆಯಿಂದ ಬರುವಾಗಲೇ ಎರಡಕ್ಕೂ 192.168.1.20 ಎಂಬ ಒಂದೇ ವಿಳಾಸ. ಒಂದೇ ಬಾಗಿಲ ಸಂಖ್ಯೆಯ ಎರಡು ಮನೆಗೆ ಅಂಚೆಯವನು ಎಲ್ಲಿಗೆ ಹೋದಾನು? ಒಂದರದ್ದು 21 ಮಾಡಿದ್ದೇ ದೀಪಗಳು ಮಿನುಗಿದವು.

ಸಿಗ್ನಲ್ ಮಾತ್ರ ಮೈನಸ್ 78. ಈ ಅಂಕಿ ಸೊನ್ನೆಯ ಕಡೆ ಬಂದಷ್ಟೂ ಒಳ್ಳೆಯದು. ಹತ್ತು ಸುಧಾರಿಸಿದರೆ ಬಲ ಹತ್ತು ಪಟ್ಟು. ಹಳ್ಳಿಯ ತುದಿಯಲ್ಲಿದ್ದವನಿಗೆ ಫೋನಿನಲ್ಲಿ ‘ಎಡಕ್ಕೆ ಒಂದು ಬೆರಳು ಕಣಣ್ಣ, ಇನ್ನೊಂದು’ ಎಂಬ ಕೂಗಾಟ. 70ಕ್ಕೆ ಬಂದು ಮತ್ತೆ ಕುಸಿಯಿತು. ‘ಅಷ್ಟೇ, ಬಿಗಿ ಮಾಡಿ’ ಎಂದರು ಗೆಳೆಯರು. ಹುಡುಗ ಒಪ್ಪಲಿಲ್ಲ. ಆಂಟೆನಾದ ಮುಖ್ಯ ಕಿರಣದ ಪಕ್ಕಗಳಲ್ಲಿ ಚಿಕ್ಕ ಕಿರಣಗಳೂ ಇರುತ್ತವಂತೆ, ಅವು ಮೋಸ ಮಾಡುತ್ತವಂತೆ. ಇನ್ನೂ ತಿರುಗಿಸಿದಾಗ 66 ಬಂತು. ಮುಂದಕ್ಕೆ ಹೋಗಲಿಲ್ಲ.

ದುರ್ಬೀನು ಕಣ್ಣಿಗಿಟ್ಟಾಗ ಕಾರಣ ಸಿಕ್ಕಿತು: ದಾರಿಯ ನಡುವೆ ಒಂದು ನೀಲಗಿರಿ ತೋಪು. ಅದರ ತಲೆಯ ಮೇಲಿಂದ ಹಳ್ಳಿಯ ನೀರಿನ ಟ್ಯಾಂಕು ಚೆನ್ನಾಗಿಯೇ ಕಾಣುತ್ತದೆ! ಆದರೆ ರೇಡಿಯೋ ಅಲೆಗೆ ಕಣ್ಣಿನ ದಾರಿ ಸಾಲದು. 6 ಕಿಲೋಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಸುತ್ತಲೂ ಸುಮಾರು 9 ಮೀಟರ್ ಹೊಟ್ಟೆ ಬಿಟ್ಟುಕೊಂಡು ಅದು ಹೋಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಿರಬೇಕು. ನೀರು ತುಂಬಿದ ಎಲೆಗಳು ಅಲೆಯನ್ನು ಕುಡಿದುಬಿಡುತ್ತವೆ.

ಎರಡೂ ತುದಿಗೆ ಹತ್ತತ್ತು ಅಡಿ ಕಬ್ಬಿಣದ ಪೈಪು ಸೇರಿಸುವಷ್ಟರಲ್ಲಿ ಮಧ್ಯಾಹ್ನದ ಊಟ ಸಂಜೆಗೆ ಹೋಗಿತ್ತು. 59 ಬಂತು.

ಕತ್ತಲಾಗುವ ಮುಂಚೆ ಹಳ್ಳಿಗೂ ಹೋಗಿಬಂದೆವು. ಹುಡುಗಿ ಹುಳುಮನೆಯ ಪಕ್ಕದ ಕೋಣೆಯಲ್ಲಿ ಬೆಂಗಳೂರಿನವರೊಂದಿಗೆ ಮಾತಾಡುತ್ತಿದ್ದಳು. ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಅವಳ ಮೈಕಿಗೂ ಬೀಳುತ್ತಿತ್ತೇನೋ, ‘ಇಲ್ಲ ಸಾರ್, ಮಳೆ ಅಲ್ಲ’ ಎಂದು ನಗುತ್ತಿದ್ದಳು. ಅಪ್ಪ ನಮಗೆ ಕಾಫಿ ಕೊಟ್ಟು, ‘ಆ ತೋಪಿನೋರು ಇನ್ನು ಮೂರು ವರ್ಷ ಕಡಿಯಲ್ಲ ಕಣಪ್ಪ, ಅಲ್ಲೀವರ್ಗೂ?’ ಎಂದರು. ನೀಲಗಿರಿ ಬೆಳೆಯುವ ವೇಗ ಅವರಿಗೇ ಗೊತ್ತು. ಹುಡುಗ ಉತ್ತರ ಕೊಡದೆ ಅಂಗಳದಲ್ಲಿ ಉಳಿದಿದ್ದ ಪೈಪಿನ ತುಂಡನ್ನು ಎತ್ತಿ ಗೋಡೆಗೆ ಒರಗಿಸಿದ, ‘ಇದು ಇಲ್ಲೇ ಇರಲಿ’ ಎಂದ.