ಆತ್ಮಪ್ರದಕ್ಷಿಣೆ

ಮಂಗಳಾರತಿಯಾದ ಮೇಲೆ ಕೈಮುಗಿದು, ಕಣ್ಣು ಮುಚ್ಚಿ, ನಿಂತಲ್ಲಿಯೇ ಮೂರು ಸುತ್ತು ತಿರುಗುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಹೋದ ಶ್ರಾವಣದ ಒಂದು ಸಂಜೆ ಎರಡನೆಯ ಸುತ್ತಿಗೇ ಓಲಾಡಿ ಪಕ್ಕದ ಕಂಬವನ್ನು ಅಪ್ಪಿಕೊಂಡೆ. ನೋಡಿದವರು ಭಕ್ತಿಪರವಶತೆಯೆಂದು ತಿಳಿದರು. ಒಬ್ಬ ಅಜ್ಜಿಯಂತೂ ನನಗೇ ಕೈಮುಗಿದರು. ಆ ಗೌರವವನ್ನು ಬೇಡವೆನ್ನುವ ಧೈರ್ಯ ನನಗಾಗಲಿಲ್ಲ.

ನಿಜ ನನಗೆ ಗೊತ್ತಿತ್ತು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗಲೂ ಮೈ ವಾಲುತ್ತಿತ್ತು. ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯೊಡನೆ ಸಂಸಾರ ಮಾಡಿದವನು ನಾನು. ಇದು ವಯಸ್ಸಿನ ದೋಷವೆಂದು ಸುಮ್ಮನಿದ್ದೆ. ನನ್ನಾಕೆಗೂ ಹೇಳಿರಲಿಲ್ಲ. ಹೇಳಿದರೆ ಒಬ್ಬನೇ ಹೊರಗೆ ಹೋಗಲು ಬಿಟ್ಟಾಳೆಯೇ?

ಒಂದು ರಾತ್ರಿ ಕರೆಂಟು ಹೋದಾಗ ಹಜಾರದಲ್ಲಿ ಬಿದ್ದೆ. ಗುಟ್ಟು ರಟ್ಟಾಯಿತು. ಮರುದಿನ ಡಾಕ್ಟರು ಪಾದ ಜೋಡಿಸಿ ನಿಲ್ಲಿಸಿದರು. ಕಣ್ಣು ತೆರೆದಾಗ ಗರುಡಗಂಬದಂತೆ ನಿಂತೆ. ಮುಚ್ಚಿದೊಡನೆ ಬಾಳೆಗಿಡದಂತೆ ತೂಗಾಡಿದೆ.

"ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ಆಳುಗಳು ಮೂವರು, ರಾಯರೆ. ಕಣ್ಣು, ಅಂಗಾಲು, ಒಳಗಿವಿ" ಎಂದರು. ಒಳಗಿವಿಯಲ್ಲಿ ದ್ರವ ತುಂಬಿದ, ಅರ್ಧವೃತ್ತದಂಥ ಮೂರು ನಾಳಗಳಿವೆಯಂತೆ. ತಲೆ ಎತ್ತ ತಿರುಗಿತೆಂದು ತಿಳಿಸುವುದು ಅವುಗಳ ಕೆಲಸ. ಅಲ್ಲೇ ಸುಣ್ಣದ ಸಣ್ಣ ಹರಳುಗಳೂ ಇವೆ. ತಲೆ ವಾಲಿತೋ ನೆಟ್ಟಗಿದೆಯೋ ಎಂಬ ಲೆಕ್ಕಕ್ಕೆ ಅವು ಬೇಕು. ಅಲ್ಲಿಗೆ ಹೋಗುವ ರಕ್ತನಾಳಗಳು ಬಹಳ ಸೂಕ್ಷ್ಮ. ವರ್ಷಗಟ್ಟಲೆ ಏರಿದ ಸಕ್ಕರೆ ಅವನ್ನೂ ನರಗಳನ್ನೂ ಸವೆಸುತ್ತದೆ. ಅಂಗಾಲಿನ ಸ್ಪರ್ಶವನ್ನೂ ಕಣ್ಣಿನ ದೃಷ್ಟಿಯನ್ನೂ ಕೆಡಿಸುವುದು ಅದೇ ಸಕ್ಕರೆ. ಒಬ್ಬ ಆಳು ಕೈಕೊಟ್ಟರೆ ಉಳಿದಿಬ್ಬರು ದುಡಿದಾರು. ಮೂವರೂ ಸೊರಗಿದರೆ ಯಜಮಾನನ ಗತಿಯೇನು?

2001ರಿಂದ 2004ರವರೆಗೆ ಅಮೆರಿಕದಲ್ಲಿ ನಲವತ್ತು ದಾಟಿದವರನ್ನು ಕಣ್ಣು ಮುಚ್ಚಿಸಿ ಮೆತ್ತೆಯ ಮೇಲೆ ನಿಲ್ಲಿಸಿ ನೋಡಿದರಂತೆ. ಮೆತ್ತೆ ಅಂಗಾಲನ್ನು ವಂಚಿಸುತ್ತದೆ, ಉಳಿಯುವುದು ಕಿವಿಯೊಂದೇ. ನೂರಕ್ಕೆ ಸುಮಾರು 35 ಮಂದಿ ನಿಲ್ಲಲಾರದೆ ಹೋದರು. ಸಕ್ಕರೆ ಕಾಯಿಲೆಯವರಲ್ಲಿ ಇದು ಇನ್ನೂ ಹೆಚ್ಚು.

ಸವೆದದ್ದು ಪೂರ್ತಿ ಮರಳದು. ಆದರೆ ಇದ್ದುದರಲ್ಲೇ ಸಂಸಾರ ತೂಗಿಸಲು ಮೆದುಳು ಕಲಿಯಬಲ್ಲದು. ಅದಕ್ಕೆಂದು ದಿನಾ ಬೆಳಗ್ಗೆ ಕ್ಯಾಲೆಂಡರಿನ ಒಂದು ಅಂಕಿಯಲ್ಲಿ ದೃಷ್ಟಿ ನೆಟ್ಟು ತಲೆಯಾಡಿಸುತ್ತೇನೆ. "ಮೈಸೂರುಪಾಕು ಕೊಟ್ಟಾಗಲೂ ಹೀಗೆಯೇ ಬೇಡವೆಂದು ತಲೆಯಾಡಿಸಿದ್ದರೆ!" ಎನ್ನುತ್ತಾಳೆ ನನ್ನಾಕೆ.

ಈಗ ಹಜಾರದಲ್ಲಿ ರಾತ್ರಿಯೆಲ್ಲ ಸಣ್ಣ ದೀಪವಿರುತ್ತದೆ. ದೇವಸ್ಥಾನದಲ್ಲಿ ಆಕೆಯ ಕೈ ಹಿಡಿದು, ಕಣ್ಣು ತೆರೆದೇ ಸುತ್ತುತ್ತೇನೆ. ಮೊನ್ನೆ ಆ ಅಜ್ಜಿ ಸಿಕ್ಕಿದಾಗ, ಅಂದಿನದು ಭಕ್ತಿಯಲ್ಲ, ಕಾಯಿಲೆಯೆಂದು ಒಪ್ಪಿಕೊಂಡೆ.

"ನನಗೂ ಅದೇ ಇದೆಯಪ್ಪ" ಎಂದರು ಮೆಲ್ಲಗೆ. "ಕತ್ತಲಲ್ಲಿ ಗೋಡೆ ಹಿಡಿದೇ ನಡೆಯೋದು. ಮಕ್ಕಳಿಗೆ ಹೇಳಿಲ್ಲ."